ಅರ್ಧ ಸುತ್ತು

ಕಲ್ಲುಬಾವಿ ಪಾಳ್ಯದಲ್ಲಿ ರಾತ್ರಿ ಹನ್ನೊಂದರ ಮೇಲೆ ಹಳೇ ಬಾವಿಯ ಪಕ್ಕದ ದಾರಿಯಲ್ಲಿ ನಡೆಯುವ ಮನುಷ್ಯ ಇಡೀ ಊರಿಗೆ ಒಬ್ಬನೇ. ಕಳ್ಳನಲ್ಲ. ಕುಡುಕನೂ ಅಲ್ಲ. ನಮ್ಮ ಚಿಕ್ಕಪ್ಪನ ಮಗ ತಿಮ್ಮರಾಜು, ಪಂಚಾಯ್ತಿಯ ವಾಟರ್‌ಮನ್. ಬೆಳಗ್ಗೆ ಎದ್ದು ನಲ್ಲಿ ತಿರುಗಿಸಿದರೆ ನೀರು ಬರುತ್ತದಲ್ಲ, ಅದು ತಾನಾಗಿ ಬರುವುದಿಲ್ಲ ಸ್ವಾಮಿ. ಯಾರೋ ಒಬ್ಬ ನಿದ್ದೆ ಕೆಟ್ಟಿರುತ್ತಾನೆ.

ಹೋದ ಮಾಗಿಯ ಮಾತು. ಚಳಿ ಅಂದರೆ ಚಳಿ. ಬಡವನಹಳ್ಳಿಯಿಂದ ಒಳಕ್ಕೆ ನಾಲ್ಕು ಮೈಲಿ ಬಂದರೆ ಈ ಊರು ಸಿಗುತ್ತದೆ. ಊರು ಮುಗಿದ ಮೇಲೆ ಬಾವಿ, ಬಾವಿಯ ಮೇಲೆ ಬಾಗಿಕೊಂಡ ಆಲದ ಮರ, ಅದರಾಚೆ ಓವರ್‌ಹೆಡ್ ಟ್ಯಾಂಕು. ತಿಮ್ಮರಾಜು ತಲೆಗೆ ಟವಲ್ ಸುತ್ತಿ, ಹೆಗಲ ಮೇಲೆ ಕಬ್ಬಿಣದ ರಾಡು ಇಟ್ಟುಕೊಂಡು, ಬಲಗೈಯನ್ನು ತೊಡೆಸಂದಿಗೆ ಒತ್ತಿ ಹಿಡಿದು ನಡೆಯುತ್ತಿದ್ದ. ಹಾಗೆ ಹಿಡಿದು ನಡೆದರೆ ಬಲಗಾಲು ಸರಿಯಾಗಿ ಏಳುವುದಿಲ್ಲ. ಹವಾಯಿ ಚಪ್ಪಲಿ ಎಡಗಾಲಲ್ಲಿ ಚಟ್ ಅನ್ನುತ್ತಿತ್ತು, ಬಲಗಾಲಲ್ಲಿ ಸರ್ರ್ ಅಂತ ನೆಲ ಎಳೆಯುತ್ತಿತ್ತು.

ಚಟ್… ಸರ್ರ್… ಚಟ್… ಸರ್ರ್…

ಆಲದ ಮರದ ಕೆಳಗೆ ಬಂದಾಗ ನೋವು ಜಾಸ್ತಿಯಾಯಿತು. ನಿಂತ.

ಸದ್ದು ನಿಲ್ಲಲಿಲ್ಲ. ಒಂದೇ ಒಂದು ಹೆಜ್ಜೆ. ಸರ್ರ್… ಅಂತ ಅವನ ಹಿಂದಿನಿಂದ ಬಂದು, ಪಕ್ಕದಲ್ಲಿ ನಿಂತಿತು.

ಟಾರ್ಚು ಹಾಕಿದ. ಬಾವಿಕಟ್ಟೆ, ಒಣಗಿದ ಎಲೆ, ಯಾರೋ ಬಿಸಾಕಿದ ಒಂದು ಹಾಲಿನ ಕವರು. ಅಷ್ಟೇ.

ಈಗ ಇಲ್ಲಿ ಒಂದು ನಿಮಿಷ ನಿಲ್ಲಿಸುತ್ತೇನೆ. ಅವನು ತೊಡೆಸಂದಿ ಹಿಡಿದುಕೊಂಡದ್ದು ಯಾಕೆ ಅಂತ ಹೇಳದೆ ಮುಂದಕ್ಕೆ ಹೋದರೆ ನಿಮಗೆ ಬರೀ ಭಯ ಸಿಗುತ್ತದೆ, ಕತೆ ಸಿಗುವುದಿಲ್ಲ.

ತಿಮ್ಮರಾಜುವಿಗೆ ಹರ್ನಿಯಾ. ಆರು ವರ್ಷದಿಂದ. ಬಲಗಡೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ನಿಂತರೆ ಹೊರಗೆ, ಮಲಗಿದರೆ ಒಳಗೆ. ಒಳಗಿನ ಕರುಳು ಸಡಿಲವಾದ ಕಡೆ ನೋಡಿ ಆಚೆ ಇಣುಕುವುದು ಅದು. ಹಗಲು ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಿ ಸಣ್ಣದೊಂದು ಆಪರೇಷನ್ ಮಾಡಿಸಿಕೊಂಡರೆ ಮುಗಿಯಿತು. ಆದರೆ ಹೇಗೆ ತೋರಿಸುವುದು? ಜಾಗ ಅಂಥದ್ದು. ಹೆಂಡತಿ ರಾಜಲಕ್ಷ್ಮಮ್ಮನಿಗೆ ಗೊತ್ತಿತ್ತು, ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಮಗಳು ಸಿರಾದಲ್ಲಿ ಗಂಡನ ಮನೆಯಲ್ಲಿ. ಮಗಳಿಗೆ ಫೋನು ಮಾಡಿ ‘ನಂಗೆ ಇಂಥಾ ಕಡೆ ಗಂಟಾಗಿದೆ ಕಣಮ್ಮ’ ಅನ್ನುತ್ತಾನೆಯೇ? ಬೇರೆ ಯಾರಿಗೂ ಹೇಳಿರಲಿಲ್ಲ.

ಒಬ್ಬನಿಗೆ ಹೇಳಿದ್ದ. ಚಿಕ್ಕನರಸಯ್ಯನಿಗೆ.

ಚಿಕ್ಕನರಸಯ್ಯ ಊರಿನ ಇನ್ನೊಬ್ಬ ವಾಟರ್‌ಮನ್. ತಿಮ್ಮರಾಜುವಿಗಿಂತ ಎಂಟು ವರ್ಷ ದೊಡ್ಡವನು. ಅವನಿಗೂ ಅದೇ ಗಂಟು, ಅದೇ ಕಡೆ, ಇನ್ನೂ ಹಳೆಯದು. ಜಾಮ್ ಆದ ವಾಲ್ವುಗಳನ್ನು ಮೈಯೆಲ್ಲ ಬಿಗಿದು ತಿರುಗಿಸಿದ ಫಲ ಇಬ್ಬರಿಗೂ. ವಾಲ್ವು ಅನ್ನುವುದನ್ನು ನಮ್ಮ ಕಡೆ ವಾಲು ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ಚಿಕ್ಕನರಸಯ್ಯನೇ ಅವನಿಗೆ ಉಪಾಯ ಹೇಳಿಕೊಟ್ಟದ್ದು. ಲಾರಿ ಟ್ಯೂಬಿನಲ್ಲಿ ಪೈಪಿಗೆ ಹಾಕುವ ವಾಷರ್ ಕತ್ತರಿಸುತ್ತಾರಲ್ಲ, ಅಂಥದೇ ಒಂದು ದಪ್ಪ ವಾಷರ್ ಕತ್ತರಿಸಿ, ಗಂಟಿನ ಜಾಗದ ಮೇಲಿಟ್ಟು, ಹಳೇ ಪಂಚೆಯ ಅಂಚಿನಿಂದ ಸೊಂಟಕ್ಕೆ ಬಿಗಿದು ಕಟ್ಟುವುದು. ಜಾರಿ ಹೊರಗೆ ಬಂದರೆ ಟ್ಯಾಂಕಿನ ಮೆಟ್ಟಿಲ ಮೇಲೆ ಕಾಲು ಮೇಲೆ ತಲೆ ಕೆಳಗೆ ಮಾಡಿ ಮಲಗಿ, ಮೆಲ್ಲಗೆ ಒಳಕ್ಕೆ ಒತ್ತುವುದು. ನೀರು ಸೋರುವ ಕಡೆ ಮಾಡುವ ಕೆಲಸವನ್ನೇ ಮೈಗೂ ಮಾಡಿಕೊಂಡರು ಇಬ್ಬರೂ.

ರಾತ್ರಿ ಕೆಲಸ ಶುರುವಾಗುವ ಮುಂಚೆ ಇಬ್ಬರ ನಡುವೆ ಒಂದೇ ಪ್ರಶ್ನೆ.

“ಒಳಕ್ಕೋಯ್ತೇನ್ಲಾ?”

“ಓಯ್ತು ಕಣಣ್ಣ. ನಿಂದು?”

“ನಂದೂ ಓಯ್ತು. ನಡಿ.”

ಬೇರೆಯವರು ಊಟ ಆಯಿತಾ ಅಂತ ಕೇಳಿದ ಹಾಗೆ ಇವರದು ಇದು.

ಕೆಲಸವೂ ಇಬ್ಬರದು. ಬೋರಿಗೆ ಕರೆಂಟು ಬರುವುದು ರಾತ್ರಿ ಹನ್ನೊಂದಕ್ಕೆ. ಮೋಟರು ತಾನಾಗಿ ಶುರುವಾಗುತ್ತದೆ, ಅದಕ್ಕೊಂದು ಪೆಟ್ಟಿಗೆ ಕೂರಿಸಿದ್ದಾರೆ. ಮೂರೂವರೆಗೆ ಟ್ಯಾಂಕು ತುಂಬುತ್ತದೆ. ನಾಲ್ಕಕ್ಕೆ ಕೆಳಗಿನ ಬೀದಿಯ ವಾಲು ಬಿಚ್ಚಬೇಕು. ಐದಕ್ಕೆ ಅದನ್ನು ಕಟ್ಟಿ ಮೇಲಿನ ಬೀದಿಯದು ಬಿಚ್ಚಬೇಕು. ಆರಕ್ಕೆ ಅದನ್ನೂ ಕಟ್ಟಬೇಕು. ವಾಲುಗಳೆರಡೂ ಆಲದ ಮರದ ಬುಡದಲ್ಲಿ, ಗುಂಡಿಯೊಳಗೆ. ಬಿಚ್ಚುವುದು ಕೈಯಲ್ಲಿ ಆಗುವುದಿಲ್ಲ. ಎದೆಯುದ್ದದ ರಾಡು ಬೇಕು. ಮೇಲೆ ಹಿಡಿಯಲು ಅಡ್ಡಪಟ್ಟಿ, ಕೆಳಗೆ ಚೌಕದ ಬಾಯಿ. ಅದೇ ಕೀ. ಊರಿಗೆಲ್ಲ ಅದೊಂದೇ ಕೀ. ನೆನಪಿಟ್ಟುಕೊಳ್ಳಿ.

ಒಬ್ಬ ಗುಂಡಿಯ ಹತ್ತಿರ ಇದ್ದರೆ ಇನ್ನೊಬ್ಬ ಮೇಲಿನ ಬೀದಿಯ ಕೊನೆಯಲ್ಲಿ, ನೀರು ಮುಟ್ಟಿತೋ ಇಲ್ಲವೋ ನೋಡಲು. ಕೂಗಿದರೆ ನಾಯಿಗಳು ಏಳುತ್ತವೆ. ಅದಕ್ಕೆ ಪೈಪು ಬಡಿಯುತ್ತಿದ್ದರು. ಟಣ್ ಅಂತ ಒಂದು ಏಟು ಅಂದರೆ ನೀರು ಬಿಟ್ಟೆ. ಎರಡು ಅಂದರೆ ಕಟ್ಟಿದೆ. ಮೂರು ಅಂದರೆ ನೀನಿಲ್ಲಿ ಬಾ. ಇನ್ನೊಂದು ವಿದ್ಯೆ ಏನಪ್ಪಾ ಅಂದರೆ, ಕೀಯನ್ನು ವಾಲಿನ ಮೇಲಿಟ್ಟು ಅದರ ತುದಿಗೆ ಕಿವಿ ಒತ್ತಿದರೆ ಮಣ್ಣಿನೊಳಗಿನ ಪೈಪಿನ ಸಮಾಚಾರವೆಲ್ಲ ಕೇಳಿಸುತ್ತದೆ. ಮೊದಲು ಗಾಳಿ, ಸ್ಸ್ ಅಂತ. ಆಮೇಲೆ ಗುಳುಗುಳು. ತುಂಬಿದ ಮೇಲೆ ಹೂಂ ಅಂತ ಒಂದೇ ಸಮ.

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳ. ಮೇಲಿನ ಬೀದಿಯ ವಾಲು ಕಟ್ಟುವಾಗ ಚಿಕ್ಕನರಸಯ್ಯ ಪೂರ್ತಿ ಕಟ್ಟುತ್ತಿರಲಿಲ್ಲ. ಅರ್ಧ ಸುತ್ತು ಬಿಡುತ್ತಿದ್ದ. ಆ ಬೀದಿಯ ಕೊನೆ ಮನೆ ಚನ್ನಮಲ್ಲಮ್ಮನದು. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಏರಿನಲ್ಲಿರುವ ಮಿಕ್ಕ ಮನೆಗಳೆಲ್ಲ ಹಿಡಿದು ಮುಗಿಸುವ ಹೊತ್ತಿಗೆ ಅವಳ ನಲ್ಲಿಗೆ ನೀರು ತಲುಪುತ್ತದೆ, ತಲುಪುತ್ತಿದ್ದಂತೆ ವಾಲು ಕಟ್ಟುವ ಹೊತ್ತಾಗುತ್ತದೆ. ಆ ಅರ್ಧ ಸುತ್ತಿನಲ್ಲಿ ದಾರದಷ್ಟು ನೀರು ಇಳಿದು ಅವಳ ಬಿಂದಿಗೆ ತುಂಬುತ್ತಿತ್ತು.

“ಟ್ಯಾಂಕು ಖಾಲಿ ಆಗ್ತದೆ ಕಣಣ್ಣ,” ಅಂತ ತಿಮ್ಮರಾಜು.

“ಮುದುಕಿ ಬಿಂದಿಗೇಲಿ ಟ್ಯಾಂಕ್ ಖಾಲಿ ಆಗಲ್ಲ, ಬುಡ್ಲಾ,” ಅಂತ ಅವನು.

ಅವನು ಸತ್ತ ಮೇಲೆ ತಿಮ್ಮರಾಜು ಪೂರ್ತಿ ಕಟ್ಟತೊಡಗಿದ.

ಹೇಗೆ ಸತ್ತ ಅಂತ ಹೇಳುತ್ತೇನೆ. ಇದು ಊರಿಗೆ ಅರ್ಧ ಗೊತ್ತು. ಇನ್ನರ್ಧ ತಿಮ್ಮರಾಜುವಿಗೆ ಮಾತ್ರ ಗೊತ್ತಿತ್ತು.

ಹಿಂದಿನ ಬೇಸಿಗೆ. ಒಂದು ರಾತ್ರಿ ಚಿಕ್ಕನರಸಯ್ಯನ ಗಂಟು ಹೊರಗೆ ಬಂದದ್ದು ಒಳಕ್ಕೆ ಹೋಗಲಿಲ್ಲ. ಕಲ್ಲಿನಂತೆ ಗಟ್ಟಿಯಾಯಿತು. ಮೆಟ್ಟಿಲ ಮೇಲೆ ಮಲಗಿ ಒತ್ತಿಕೊಂಡ. ಆಗಲಿಲ್ಲ. “ನೀನೊತ್ತು ನೋಡ್ಲಾ,” ಅಂದ. ತಿಮ್ಮರಾಜು ಒತ್ತಿದ. ಹನ್ನೆರಡರಿಂದ ಮೂರರವರೆಗೆ, ಬಿಟ್ಟು ಬಿಟ್ಟು. ನೋವಿಗೆ ಅವನು ಟವಲ್ ಕಚ್ಚಿಕೊಂಡಿದ್ದ. ಕೊನೆಗೆ ತಿಮ್ಮರಾಜುವಿನ ಕೈ ಸೋತಿತು.

“ಒಳಕ್ಕೋಯ್ತೇನ್ಲಾ?” ಚಿಕ್ಕನರಸಯ್ಯ ಕೇಳಿದ. ದನಿಯೇ ಇರಲಿಲ್ಲ.

ಹೋಗಿರಲಿಲ್ಲ. ಕೈಗೆ ಗೊತ್ತಾಗುತ್ತಿತ್ತು, ಹೋಗಿರಲಿಲ್ಲ.

“ಓಯ್ತು ಕಣಣ್ಣ,” ಅಂದ ತಿಮ್ಮರಾಜು.

ಸಮಾಧಾನಕ್ಕೆ ಅಂದದ್ದು. ಕೆಟ್ಟ ಮನಸ್ಸಿನಿಂದಲ್ಲ. ಚಿಕ್ಕನರಸಯ್ಯ ಮನೆಗೆ ಹೋಗಿ ಮಲಗಿದ. ವಾಂತಿ ಶುರುವಾಯಿತು. ಗ್ಯಾಸು ಅಂತ ಸೋಡಾ ಕುಡಿಸಿದರು, ಜೀರಿಗೆ ಕಷಾಯ ಕೊಟ್ಟರು. ಒಂದು ಹಗಲು, ಇನ್ನೊಂದು ರಾತ್ರಿ ಹೀಗೇ ಕಳೆಯಿತು. ತುಮಕೂರು ಮುಟ್ಟುವ ಹೊತ್ತಿಗೆ ಸಿಕ್ಕಿಕೊಂಡ ಕರುಳು ಕಪ್ಪಾಗಿತ್ತು. ಎರಡು ಅಡಿ ಕೊಯ್ದು ತೆಗೆದರು. ಡಾಕ್ಟರು ಮಾಡುವುದೆಲ್ಲ ಮಾಡಿದರು. ನಂಜು ಮೈಗೆ ಏರಿಬಿಟ್ಟಿತ್ತು. ನಾಲ್ಕನೇ ದಿನ ಹೋದ.

ಅವತ್ತಿನಿಂದ ತಿಮ್ಮರಾಜು ಒಬ್ಬನೇ. ಎರಡನೇ ಆಳು ಹಾಕುತ್ತೇವೆ ಅಂದ ಪಂಚಾಯ್ತಿಯವರು ಹಾಕಲಿಲ್ಲ. ಎಂಟು ತಿಂಗಳು ಅವನು ಒಬ್ಬನೇ ಬಾವಿ ದಾಟಿದ, ಒಬ್ಬನೇ ವಾಲು ಬಿಚ್ಚಿದ, ಅಭ್ಯಾಸಬಲದಿಂದ ಪೈಪಿಗೆ ಒಂದು ಏಟು ಹಾಕಿದ. ಆ ಟಣ್ ಸದ್ದು ಬೀದಿಯ ತುದಿವರೆಗೆ ಹೋಗುತ್ತಿತ್ತು. ಅಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಒಳಕ್ಕೆ ಹೋಯಿತಾ ಅಂತ ಕೇಳುವವರು ಭೂಮಿ ಮೇಲೆ ಒಬ್ಬರೂ ಇರಲಿಲ್ಲ. ಒಂಟಿತನ ಅಂದರೆ ಮನೆಯಲ್ಲಿ ಜನ ಇಲ್ಲದಿರುವುದು ಅಂದುಕೊಂಡಿರುತ್ತೇವೆ. ಅಲ್ಲ. ಒಂದು ಗುಟ್ಟಿಗೆ ಇಬ್ಬರಿದ್ದು ಒಬ್ಬ ಹೋಗಿಬಿಡುವುದು.

ಈಗ ಮತ್ತೆ ಆಲದ ಮರದ ಕೆಳಕ್ಕೆ ಬನ್ನಿ.

ಅವತ್ತು ಸಂಜೆ ಆರಕ್ಕೆ ತಿಮ್ಮರಾಜುವಿನ ಗಂಟು ಹೊರಗೆ ಬಂದಿತ್ತು. ಮೋಟರು ಸುಟ್ಟು ಮೂರು ದಿನ ಊರಿಗೆ ನೀರಿರಲಿಲ್ಲ. ರಿಪೇರಿಯಾಗಿ ಬಂದ ಮೋಟರನ್ನು ಎತ್ತಿ ಕೂರಿಸುವಾಗ ಬಂದದ್ದು. ಮಲಗಿ ಒತ್ತಿದ, ಹೋಗಲಿಲ್ಲ. ಎರಡು ಸಲ ವಾಂತಿಯಾಯಿತು. ಆದರೂ ಹನ್ನೊಂದಕ್ಕೆ ಎದ್ದು ಹೊರಟ. ಬೆಳಗ್ಗೆ ನೀರು ಬಿಡುತ್ತೇನೆ ಅಂತ ಇಡೀ ಊರಿಗೆ ಹೇಳಿಬಿಟ್ಟಿದ್ದ.

ಮೋಟರಿನ ಗುಂಯ್ ಸದ್ದು ದೂರದಲ್ಲಿ ಕೇಳಿಸಿತು. ಟ್ಯಾಂಕಿಗೆ ನೀರು ಬೀಳುವ ಧೊಳಧೊಳ ಸದ್ದೂ ಬಂತು. ಸದ್ಯ, ಮೋಟರು ಸರಿ ಇದೆ. ಟ್ಯಾಂಕಿನ ಮೆಟ್ಟಿಲಿಗೆ ಹೋಗಿ ಕಾಲು ಮೇಲೆ ಮಾಡಿ ಮಲಗಿದ. ಒತ್ತಿದ. ಕಣ್ಣು ಕತ್ತಲಿಟ್ಟಿತು. ಮತ್ತೆ ಒತ್ತಿದ… ಗಂಟು ಗಂಟಾಗಿಯೇ ಉಳಿಯಿತು. ಮೂರನೇ ಸಲ ವಾಂತಿಯಾಯಿತು, ಬರೀ ಹಳದಿ ನೀರು.

ಹನ್ನೆರಡೂವರೆ ಇರಬಹುದು. ನಾಲ್ಕರವರೆಗೆ ತಡೆದುಕೊಂಡರೆ ಸಾಕು ಅಂದುಕೊಂಡ. ಕೀ ಊರಿಕೊಂಡು ವಾಲಿನ ಗುಂಡಿಯ ಹತ್ತಿರ ಬಂದು ಕುಕ್ಕರಿಸಿದ. ಸುಮ್ಮನೆ, ಯಾಕೆ ಅಂತ ಅವನಿಗೂ ಗೊತ್ತಿಲ್ಲ, ಪೈಪಿಗೆ ಒಂದು ಏಟು ಹಾಕಿದ.

ಟಣ್.

ಸದ್ದು ಮಣ್ಣಿನೊಳಗೆ ಮೇಲಿನ ಬೀದಿ ಕಡೆಗೆ ಹೋಯಿತು… ಸಣ್ಣಗಾಯಿತು… ನಿಂತಿತು.

ಆಮೇಲೆ ಆ ಕಡೆಯಿಂದ ಬಂತು.

ಟಣ್… ಟಣ್… ಟಣ್.

ಮೂರು.

ತಿಮ್ಮರಾಜು ಉಸಿರು ಹಿಡಿದ. ಯಾರೋ ಹುಡುಗರು ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳೋಣ ಅಂದರೆ, ಆ ಲೆಕ್ಕ ಗೊತ್ತಿದ್ದವರು ಇಬ್ಬರೇ. ಕೈ ತಾನಾಗಿ ಕೀಯನ್ನು ಗುಂಡಿಗೆ ಇಳಿಸಿತು. ಚೌಕದ ಬಾಯಿ ವಾಲಿನ ಮೇಲೆ ಕಟಕ್ ಅಂತ ಕೂತಿತು. ಕೀಯ ತುದಿಗೆ ಕಿವಿ ಇಟ್ಟ. ಕಬ್ಬಿಣ ಮಂಜಿನ ಹಾಗೆ ತಣ್ಣಗಿತ್ತು.

ಮೊದಲು ಏನೂ ಇಲ್ಲ. ಆಮೇಲೆ ಗಾಳಿ… ಸ್ಸ್… ಪೈಪಿನಲ್ಲಿ ನೀರಿಲ್ಲದಾಗ ಬರುವ ಗಾಳಿಯಲ್ಲ. ಉಸಿರು. ಎಳೆದು ಬಿಡುವ ಉಸಿರು.

“ಒಳಕ್ಕೋಯ್ತೇನ್ಲಾ?”

ಪಿಸುಮಾತು. ಕಬ್ಬಿಣದೊಳಗಿಂದ. ಹಲ್ಲು ಬಿಗಿಹಿಡಿದು ಆಡಿದ ಮಾತು.

ತಿಮ್ಮರಾಜು ಓಡಲಿಲ್ಲ. ಓಡುವ ಶಕ್ತಿ ಇದ್ದಿದ್ದರೆ ಓಡುತ್ತಿದ್ದನೋ ಏನೋ. ಆದರೆ ಎಂಟು ತಿಂಗಳಿಂದ ಒಬ್ಬರೂ ಕೇಳದ ಪ್ರಶ್ನೆ ಅದು. ಅವನ ಬಾಯಿಗೆ ಬಂದದ್ದು ಹಳೇ ಉತ್ತರವೇ.

“ಓಯ್ತು ಕಣಣ್ಣ.”

ಸದ್ದಿಲ್ಲ. ಆಲದ ಎಲೆ ಒಂದು ಬಾವಿಯೊಳಗೆ ಬಿತ್ತು. ಅದು ನೀರು ಮುಟ್ಟಿದ ಸದ್ದೂ ಕೇಳಿಸಿತು ಅಂತ ಅವನು ಹೇಳುತ್ತಾನೆ.

ಟಣ್… ಟಣ್… ಟಣ್. ಈ ಸಲ ಹತ್ತಿರದಲ್ಲಿ.

“ಒಳಕ್ಕೋಯ್ತೇನ್ಲಾ, ತಿಮ್ಮ?”

“ಓಯ್ತು ಅಂದ್ನಲ್ಲಣ್ಣ…”

ಮತ್ತೆ ಮೂರು ಏಟು. ಈಗ ಕಾಲ ಕೆಳಗೆ. ಕೀ ಅವನ ಕೈಯಲ್ಲಿ ನಡುಗಿತು. ಕಿವಿ ತೆಗೆಯಲು ನೋಡಿದ. ಆಗಲಿಲ್ಲ; ಚಳಿಗೆ ಅಂಟಿಕೊಂಡಿತೋ, ಅವನಿಗೇ ಮನಸ್ಸಾಗಲಿಲ್ಲವೋ.

“ಒಳಕ್ಕೋಯ್ತಾ?”

ತಿಮ್ಮರಾಜುವಿಗೆ ಅಳು ಬಂತು.

“ಇಲ್ಲ ಕಣಣ್ಣ,” ಅಂದ. “ಓಗಿಲ್ಲ. ಅವತ್ತು ನಿಂದೂ ಓಗಿರ್ಲಿಲ್ಲ.”

ಅಷ್ಟು ಹೊತ್ತಿನ ಆ ಉಸಿರು ನಿಂತೇಹೋಯಿತು. ಟ್ಯಾಂಕಿಗೆ ಬೀಳುವ ನೀರಿನ ಸದ್ದು, ಮೋಟರಿನ ಸದ್ದು, ಜೀರುಂಡೆ… ಯಾವುದೂ ಇಲ್ಲ. ಆಮೇಲೆ ಬಹಳ ಮೆಲ್ಲಗೆ,

“ಗೊತ್ತು ಕಣ್ಲಾ. ಅವತ್ತೇ ಗೊತ್ತಿತ್ತು.”

“ಮತ್ಯಾಕಣ್ಣ ಸುಮ್ಕಿದ್ದೆ?”

“ನಿನ್ ಕೈ ನಡುಗ್ತಿತ್ತು.”

ತಿಮ್ಮರಾಜು ಟವಲಿನ ತುದಿಯಿಂದ ಮುಖ ಒರೆಸಿಕೊಂಡ.

“ಎದ್ದೋಗು,” ಅಂತು ದನಿ.

“ನೀರಣ್ಣ… ಮೂರು ದಿನದಿಂದ ನೀರಿಲ್ಲ ಊರಿಗೆ.”

“ನೀರು ನಾನ್ ಬುಡ್ತೀನಿ. ನೀನೋಗು. ಬಾಯ್ ಬಿಟ್ಟು ಏಳು ಯಾರಿಗಾದ್ರೂ.”

ಆಮೇಲೆ ಗಾಳಿ. ಆಮೇಲೆ ಅದೂ ಇಲ್ಲ. ಮೋಟರಿನ ಗುಂಯ್ ಮತ್ತೆ ಶುರುವಾಯಿತು, ಅಥವಾ ಮತ್ತೆ ಕೇಳಿಸಿತು. ತಿಮ್ಮರಾಜು ಕೀ ಕಿತ್ತುಕೊಂಡು, ಅದನ್ನೇ ಊರುಗೋಲು ಮಾಡಿಕೊಂಡು ಊರ ಕಡೆ ತಿರುಗಿದ. ಚಟ್… ಸರ್ರ್… ಈ ಸಲ ಒಬ್ಬನದೇ ಸದ್ದು.

ಕೆಳಗಿನ ಬೀದಿಯ ಮೊದಲ ಮನೆ ಆಶಾ ಕಾರ್ಯಕರ್ತೆ ಮಧುಶ್ರೀಯದು. ಊರಿನ ಬಸುರಿ ಬಾಣಂತಿಯರ ಲೆಕ್ಕವೆಲ್ಲ ಅವಳ ಬಾಯಲ್ಲಿ. ವರಸೆಯಲ್ಲಿ ತಿಮ್ಮರಾಜುವಿಗೆ ಸೊಸೆಯಾಗಬೇಕು. ಆ ಬಾಗಿಲ ಮುಂದೆ ಅವನು ಎಷ್ಟು ಹೊತ್ತು ನಿಂತಿದ್ದ ಗೊತ್ತೇ? ಅವನೇ ಹೇಳಿದ್ದು, ಪೈಪಿನ ಮುಂದೆ ಕೂತಾಗಿನ ಭಯಕ್ಕಿಂತ ಈ ಬಾಗಿಲ ಮುಂದಿನ ಭಯ ದೊಡ್ಡದಾಗಿತ್ತಂತೆ.

ಕದ ತಟ್ಟಿದ.

“ಯಾರು?”

“ನಾನು ಕಣಮ್ಮ. ತಿಮ್ಮರಾಜ.”

“ಏನ್ ಮಾವ ಇಷ್ಟೊತ್ನಲ್ಲಿ? ನೀರು ನಾಲ್ಕಕ್ಕಲ್ವಾ?”

“ನೀರಲ್ಲ. ಒಸಿ ಹೊಟ್ಟೆ ನೋವು.”

ಬಾಗಿಲು ತೆರೆದಳು. ಮುಖ ನೋಡಿದಳು. “ಹೊಟ್ಟೇಲಿ ಎಲ್ಲಿ?”

“ಕೆಳಗೆ.”

“ಕೆಳಗೆ ಅಂದ್ರೆ?”

“ಇನ್ನೊಸಿ ಕೆಳಗೆ.”

ಅವನ ಬಲಗೈ ಎಲ್ಲಿದೆ ಅಂತ ಅವಳು ನೋಡಿದಳು. “ಗಂಟಾ?”

ತಿಮ್ಮರಾಜು ನೆಲ ನೋಡುತ್ತ ತಲೆಯಾಡಿಸಿದ.

“ಎಷ್ಟೊತ್ತಾಯ್ತು ಬಂದು?”

“ಸಂಜೆ ಆರಕ್ಕೆ.”

“ವಾಂತಿ?”

“ಮೂರು ಸಲ.”

“ಹೂಸು ಹೋಯ್ತಾ?”

“ಅದನ್ನೂ ನಿಂಗೆ ಏಳ್ಬೇಕೇನಮ್ಮ?”

“ಹೇಳ್ಬೇಕು.”

“…ಇಲ್ಲ.”

ಅವಳು ಆಗಲೇ ಫೋನು ತೆಗೆದು 108ಕ್ಕೆ ಹಚ್ಚಿದ್ದಳು. ವಿಳಾಸ ಹೇಳಿ ಮುಗಿಸಿ, ಶಾಲು ಹೊದ್ದುಕೊಳ್ಳುತ್ತ ಗೊಣಗಿದಳು. “ಹೆಂಗಸ್ರು ಹೆರಿಗೆಗೆ ನನ್ನ ಕರೀತಾರೆ, ನಾಚ್ಕೋಳಲ್ಲ. ನಿಮ್ ಗಂಡಸ್ರಿಗೆ ಒಂದು ಗಂಟು ತೋರ್ಸಕ್ಕೆ ಜೀವ ಬಾಯಿಗೆ ಬರ್ಬೇಕು. ನರಸಯ್ಯ ಮಾವ ಹೋಗಿದ್ದು ಸಾಲ್ದಾ? ನೀರು ಕುಡೀಬೇಡಿ. ಒತ್ಬೇಡಿ ಅದನ್ನ, ಕೈ ತೆಗೀರಿ.”

ಆಂಬುಲೆನ್ಸು ಬಡವನಹಳ್ಳಿ ದಾಟಿದ ಮೇಲೆ ತಿಮ್ಮರಾಜುವಿಗೆ ಹೊಳೆಯಿತು. ಎದ್ದು ಕೂರಲು ನೋಡಿದ.

“ಕೀ ನನ್ ಕೈಲೇ ಐತಲ್ಲಮ್ಮ. ಊರಿಗೆ ಇದೊಂದೇ ಕೀ. ಗಾಡಿ ತಿರುಗ್ಸು ಅನ್ನು.”

“ಸುಮ್ನೆ ಮಲಗಿ ಮಾವ.”

“ನೀರು ಎಂಗೆ ಬುಡ್ತಾನೆ ಅವ್ನು, ಕೀ ಇಲ್ದೆ?”

“ಯಾರು?”

ಅವನು ರಾಡನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ನೋವಿಗೆ ಏನೋ ಅನ್ನುತ್ತಿದ್ದಾನೆ ಅಂದುಕೊಂಡಳಂತೆ.

ಮಧುಗಿರಿ ಆಸ್ಪತ್ರೆಯಲ್ಲಿ ಅವನ ಕೈಯಿಂದ ಆ ರಾಡು ಬಿಡಿಸಲು ನರ್ಸಮ್ಮನಿಗೆ ಸಾಕುಸಾಕಾಯಿತು. “ಇದೇನಜ್ಜ, ತ್ರಿಶೂಲ ತಂದಿದೀರಾ?” ಅಂತ ಬೈದು ಮೂಲೆಯಲ್ಲಿ ನಿಲ್ಲಿಸಿದಳು. ಡಾಕ್ಟರು ಪಂಚೆಯ ಪಟ್ಟಿ ಬಿಚ್ಚಿ ಕರಿ ರಬ್ಬರು ಎತ್ತಿ ಹಿಡಿದರು.

“ಇದೇನ್ರಿ ಇದು?”

“ವಾಷರ್ ಸಾರ್.”

“ಪೈಪಿಂದಾ?”

“ಪೈಪಿಗೂ ಆಯ್ತದೆ.”

ಡಾಕ್ಟರು ನಗಲಿಲ್ಲ. ಗಂಟಿನ ಮೇಲೆ ಕೈಯಿಟ್ಟು, “ಎಷ್ಟು ವರ್ಷದಿಂದ?” ಅಂದರು. “ಆರು,” ಅಂದ. “ಆರು ವರ್ಷದಲ್ಲಿ ಯಾವತ್ತಾದರೂ ಒಂದು ಬೆಳಗ್ಗೆ ನಡ್ಕೊಂಡು ಬಂದಿದ್ರೆ ಸಾಕಿತ್ತು. ಈಗ ಒಳಗೆ ಹೋಗಿ ನೋಡೋವರೆಗೆ ನಾನು ಏನೂ ಹೇಳೋ ಹಾಗಿಲ್ಲ. ಕರುಳು ಸತ್ತಿದ್ರೆ ಕೊಯ್ಯಬೇಕಾಗುತ್ತೆ.”

ಬೆನ್ನಿಗೆ ಸೂಜಿ ಕೊಟ್ಟರು. ಸೊಂಟದ ಕೆಳಗೆ ಮೈಯೇ ಇಲ್ಲದ ಹಾಗಾಯಿತು. ಎಚ್ಚರ ಮಾತ್ರ ಇತ್ತು. ಮುಂದೆ ಹಸಿರು ಬಟ್ಟೆ ಅಡ್ಡ ಕಟ್ಟಿದ್ದರು. ಅದರಾಚೆ ಡಾಕ್ಟರು ಮೆಲ್ಲಗೆ ಅಂದದ್ದು ಕೇಳಿಸಿತು.

“ಬಣ್ಣ ಕೆಟ್ಟಿದೆ. ಬಿಸಿ ಸಲೈನ್ ಬಟ್ಟೆ ಕೊಡಿ. ಸುತ್ತಿ ಕಾಯೋಣ.”

ಕಾದರು. ಗಡಿಯಾರದ ಟಿಕ್ ಟಿಕ್. ತಿಮ್ಮರಾಜು ಸೂರು ನೋಡುತ್ತ ಮಲಗಿದ್ದ. ಹೆಂಡತಿ ಇರಲಿಲ್ಲ, ಮಗಳಿಗೆ ಇನ್ನೂ ಗೊತ್ತಿರಲಿಲ್ಲ, ಮಧುಶ್ರೀ ಬಾಗಿಲ ಹೊರಗಿದ್ದಳು. ತನ್ನ ಕರುಳು ಬದುಕುತ್ತದೋ ಸಾಯುತ್ತದೋ ಅಂತ ಬಟ್ಟೆಯ ಈಚೆ ಅವನು ಒಬ್ಬನೇ ಕಾಯುತ್ತಿದ್ದ.

ಆಗ ಯಾರೋ ತಟ್ಟೆಗೆ ಕತ್ತರಿ ಇಟ್ಟರು.

ಟಣ್.

ಒಂದೇ.

“ಟೈಮೆಷ್ಟಮ್ಮ?” ಅಂತ ತಲೆಯ ಹತ್ತಿರ ನಿಂತ ನರ್ಸನ್ನು ಕೇಳಿದ.

“ನಾಲ್ಕು. ಯಾಕಜ್ಜ?”

“ಏನಿಲ್ಲ.”

ಸ್ವಲ್ಪ ಹೊತ್ತಿಗೆ ಬಟ್ಟೆಯಾಚೆಯಿಂದ ಡಾಕ್ಟರ ದನಿ ಬಂತು. “ಕೆಂಪಾಯ್ತು ನೋಡಿ. ಬದುಕಿದೆ. ಕೊಯ್ಯೋದು ಬೇಡ, ಒಳಗೆ ಹಾಕಿ.” ಆಮೇಲೆ ಸ್ವಲ್ಪ ಜೋರಾಗಿ, ಅವನಿಗೆ ಕೇಳಿಸುವ ಹಾಗೆ, “ಒಳಗೆ ಹೋಯ್ತು ಅಜ್ಜ.”

ತಿಮ್ಮರಾಜು ಅತ್ತ. ನೋವಿಗೆ ಅಂತ ತಿಳಿದು ಅವರು ಇನ್ನೊಂದು ಇಂಜೆಕ್ಷನ್ ಕೊಟ್ಟರು.

ಬೆಳಗ್ಗೆ ಏಳಕ್ಕೆ ಮಧುಶ್ರೀ ಊರಿಗೆ ಫೋನು ಮಾಡಿದಳು, ಇವತ್ತು ನೀರು ಬರುವುದಿಲ್ಲ, ಮಾವ ಇಲ್ಲಿದ್ದಾರೆ, ಕೀ ಕೂಡ ಇಲ್ಲೇ ಇದೆ ಅಂತ ಹೇಳಲು. ಆ ಕಡೆಯಿಂದ ಅವಳ ಅತ್ತೆ, ರಾತ್ರಿ ನಡೆದದ್ದೇನೂ ಗೊತ್ತಿಲ್ಲದೆ, ಅಂದದ್ದು ಇಷ್ಟು.

“ಏನಮ್ಮ ನೀನು. ನೀರು ಬಂದು ಹೋಗಿ ಎಷ್ಟೊತ್ತಾಯ್ತು. ನಾಲ್ಕಕ್ಕೆ ನಮಗೆ, ಐದಕ್ಕೆ ಮೇಲಿನ ಬೀದಿಗೆ. ತೊಟ್ಟಿ, ಡ್ರಮ್ಮು, ಎಲ್ಲ ತುಂಬಿಸ್ಕೊಂಡಿದೀವಿ. ತಿಮ್ಮರಾಜಣ್ಣ ಮಾತಿಗೆ ತಪ್ಪಲ್ಲ.”

ವಾಲು ಸವೆದು ತಾನೇ ಬಿಚ್ಚಿಕೊಂಡಿರಬೇಕು ಅಂತ ಪಂಚಾಯ್ತಿಯವರು ಅಂದರು. ಇರಬಹುದು. ಒಂದು ನಾಲ್ಕಕ್ಕೆ ಸವೆದು, ಐದಕ್ಕೆ ತಾನೇ ಕಟ್ಟಿಕೊಂಡು, ಇನ್ನೊಂದು ಐದಕ್ಕೆ ಸವೆಯುವ ವಾಲುಗಳನ್ನು ನಾನು ಕಂಡಿಲ್ಲ. ನೀವು ಕಂಡಿದ್ದರೆ ಹೇಳಿ.

ಆಮೇಲೆ ಐದು ದಿನ ತಿಮ್ಮರಾಜು ಆಸ್ಪತ್ರೆಯಲ್ಲಿ, ಕೀ ಅವನ ಮಂಚದ ಮೂಲೆಯಲ್ಲಿ. ಕೆಲಸ ಗೊತ್ತಿಲ್ಲದವರು ಮುಟ್ಟಿದರೆ ವಾಲು ಮುರಿಯುತ್ತದೆ ಅಂತ ಯಾರು ಕೇಳಿದರೂ ಕೊಡಲಿಲ್ಲ. ಊರಿಗೆ ಟ್ಯಾಂಕರಿನಲ್ಲಿ ನೀರು ಬಂತು. ಆರನೇ ದಿನ ಮನೆಗೆ ಬಂದ. ಮೂರು ತಿಂಗಳು ಭಾರ ಎತ್ತಬಾರದು, ಬಿಗಿದು ಏನನ್ನೂ ತಿರುಗಿಸಬಾರದು ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಅವತ್ತು ಸಂಜೆ ಅವನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ, ಅವನು ಹೇಳಿದ ಹಾಗೆ ಮಧುಶ್ರೀ ಕೀ ಹಿಡಿದಳು.

“ಮೇಲಿನ ಬೀದೀದು ಕಟ್ಟೈತಾ ನೋಡಮ್ಮ ಮೊದ್ಲು. ಬಲಕ್ಕೆ ತಿರುಗ್ಸು.”

ಅವಳು ತಿರುಗಿಸಿದಳು. ಕಿರ್ರ್… ಅಂತು. ನಿಂತಿತು.

“ಪೂರ್ತಿ ಕಟ್ಟಿರ್ಲಿಲ್ಲ ಮಾವ,” ಅಂದಳು. “ಅರ್ಧ ಸುತ್ತು ಬಿಟ್ಟಿತ್ತು.”

ತಿಮ್ಮರಾಜು ಮೇಲಿನ ಬೀದಿಯ ಕಡೆ ನೋಡಿದ. “ತಿರ್ಗಾ ಅರ್ಧ ಸುತ್ತು ಬಿಚ್ಚು,” ಅಂದ. “ಇದ್ದಂಗೇ ಬುಡು ಅದನ್ನ.”

ಇದು ನಡೆದದ್ದು. ಮಧುಶ್ರೀ ಇದ್ದಾಳೆ, ಕೇಳಿ. ಆಸ್ಪತ್ರೆಯ ಚೀಟಿ ಇದೆ, ಆಪರೇಷನ್ ಹೊತ್ತು ಬರೆದಿದೆ, ನೋಡಿ. ಅದೂ ಬೇಡವಾದರೆ ಮೇಲಿನ ಬೀದಿಯ ಕೊನೆ ಮನೆಗೆ ಹೋಗಿ. ನಾನು ಹೋಗಿದ್ದೆ. ಚನ್ನಮಲ್ಲಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಟ್ಯಾಂಕರಿನ ಹತ್ತಿರ ನೂಕುನುಗ್ಗಲಲ್ಲಿ ನೀವು ಹೆಂಗೆ ನೀರು ಹಿಡಿದಿರಿ ಅಂತ ಕೇಳಿದೆ. ಟ್ಯಾಂಕರ್ ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ. ಆ ಐದೂ ದಿನ ಅವಳ ನಲ್ಲಿಯಲ್ಲಿ ದಾರದಷ್ಟು ನೀರು ಬರುತ್ತಿತ್ತಂತೆ. ದಿನಕ್ಕೊಂದು ಬಿಂದಿಗೆ ತುಂಬುತ್ತಿತ್ತಂತೆ.